ಬ್ರೂಕ್ಲಿನ್ನಿನ ‘ಮಹಾತ್ಮ’

ಕ್ರಿಕೆಟ್ ಪಂದ್ಯ ನಡೆದಿರುವಾಗ ನಮ್ಮ ಕಚೇರಿಯಲ್ಲಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆಂದು ಹೇಳಿದರೆ ಓದುಗರು ನಗಬಾರದು. ಅವರವರ ಕಚೇರಿಗಳಲ್ಲಿಯೂ ಸ್ಥಿತಿ ಬೇರೆ ಇರಲಾರದು. ಯಾರು ಎಷ್ಟು ಓಟ ಹೊಡೆದರು, ಯಾರು ಎಷ್ಟು ವಿಕೆಟ್ ಕಿತ್ತರು ಎಂಬುದು ಚಹಾ ತರುವ ಹುಡುಗನಿಗೂ ಬಾಯಿಪಾಠ. ಆದರೆ ಆ ಆಟಗಾರನನ್ನು ಯಾವುದೋ ಊರಿನ ಬಯಲಿನಲ್ಲಿ ಗುರುತಿಸಿದವರು ಯಾರು, ಅವನ ಕರಾರುಪತ್ರ ಬರೆಸಿದವರು ಯಾರು, ಅವನ ಪ್ರಯಾಣ, ಊಟ, ವಸತಿಗಳ ಏರ್ಪಾಡು ನೋಡಿದವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಮೈದಾನದಲ್ಲಿ ಬೆವರು ಸುರಿಸುವವನಿಗೆ ಚಪ್ಪಾಳೆ ಸಿಗುತ್ತದೆ; ಮೇಜಿನ ಹಿಂದೆ ಕುಳಿತವನ ಹೆಸರು ಕಾಗದದ ಕೆಳಗಿನ ಸಹಿಯಲ್ಲಿಯೇ ಉಳಿದುಹೋಗುತ್ತದೆ. ನಾವು ಸ್ವತಃ ಸರಕಾರಿ ಕಾಗದಗಳ ನಡುವೆ ದಿನ ಕಳೆಯುವ ಗುಮಾಸ್ತರಾದುದರಿಂದ ಇದು ನಮಗೆ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆಯೋ ಏನೋ.

ಈ ಸಲ ಅಂಥ ಒಬ್ಬ ಮೇಜಿನ ಮನುಷ್ಯನ ಕಥೆಯನ್ನು ಓದುಗರ ಮುಂದಿಡಬೇಕೆಂದು ಬಯಸಿದ್ದೇವೆ. ಆತ ನಮ್ಮ ದೇಶದವನಲ್ಲ; ಆತನ ಆಟವೂ ನಮ್ಮದಲ್ಲ. ನಮ್ಮಲ್ಲಿ ಕ್ರಿಕೆಟ್ಟಿನ ಹಾಗೆ ಅಮೇರಿಕದಲ್ಲಿ ಬೇಸ್‌ಬಾಲ್. ಆ ಆಟದ ತಂಡಗಳ ಆಡಳಿತವನ್ನು ಸುಮಾರು ಅರ್ಧ ಶತಮಾನ ನೋಡಿಕೊಂಡ ಬ್ರಾಂಚ್ ರಿಕಿ ಎಂಬಾತ 1881ರಲ್ಲಿ ಹುಟ್ಟಿ 1965ರಲ್ಲಿ ತೀರಿಕೊಂಡ. ಆಟಗಾರನಾಗಿ ಆತ ಸೋತ, ವಕೀಲನಾಗಿ ಸೋತ, ಮೈದಾನದ ಮುಖಂಡನಾಗಿಯೂ ಹೇಳಿಕೊಳ್ಳುವಂಥ ಹೆಸರು ಮಾಡಲಿಲ್ಲ. ಕಚೇರಿಯ ಕುರ್ಚಿಯಲ್ಲಿ ಕುಳಿತ ಮೇಲೆ ಮಾತ್ರ ಆ ಆಟದ ಇತಿಹಾಸವನ್ನೇ ತಿರುಗಿಸಿಬಿಟ್ಟ. ಈ ಕಥೆಯನ್ನು ಬರೆಯಲು ನಮಗೆ ಸ್ವಂತದ ಕಾರಣವೂ ಒಂದುಂಟು. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಆಟವನ್ನು ನೋಡದವರಿಗಾಗಿ ಎರಡು ಮಾತು. ಬೇಸ್‌ಬಾಲಿನಲ್ಲಿ ಕಡೆಗೆ ಒಂಬತ್ತು ಜನ. ಚೆಂಡು ಎಸೆಯುವವನು ‘ಪಿಚರ್’. ದಾಂಡಿಗನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವವನು ‘ಕ್ಯಾಚರ್’. ನಮ್ಮ ವಿಕೆಟ್ ಕೀಪರನ ಹಾಗೆಂದು ತಿಳಿದರೆ ಸಾಕು. ಅಂಗಳದ ನಾಲ್ಕು ಮೂಲೆಗಳಲ್ಲಿ ನಾಲ್ಕು ಠಾಣೆಗಳಿವೆ. ಅವಕ್ಕೆ ‘ಬೇಸ್’ ಎನ್ನುತ್ತಾರೆ. ನಾಲ್ಕನ್ನೂ ಸುತ್ತಿ ಬಂದರೆ ಒಂದು ಓಟ. ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಠಾಣೆಗೆ ಓಡಿಬಿಡುವುದಕ್ಕೆ ‘ಬೇಸ್ ಕದಿಯುವುದು’ ಎಂದು ಹೆಸರು. ಇನ್ನು ಆಡಳಿತ: ಪ್ರತಿ ತಂಡಕ್ಕೂ ಮಾಲೀಕರು ಇರುತ್ತಾರೆ, ಮೈದಾನದಲ್ಲಿ ಯಾರು ಆಡಬೇಕೆಂದು ಗೊತ್ತುಮಾಡಲು ಮ್ಯಾನೇಜರ್ ಇರುತ್ತಾನೆ. ಇವರ ನಡುವೆ ಕಚೇರಿಯಲ್ಲಿ ಕುಳಿತು ಆಟಗಾರರನ್ನು ಹುಡುಕಿಸಿ, ಕೊಂಡು, ಮಾರಿ, ಸಂಬಳ ನಿಶ್ಚಯಿಸಿ, ಲಾಭ ನಷ್ಟಗಳ ಲೆಕ್ಕ ಒಪ್ಪಿಸುವ ಅಧಿಕಾರಿ ಇನ್ನೊಬ್ಬ. ಅವನೇ ಜನರಲ್ ಮ್ಯಾನೇಜರ್. ರಿಕಿ ಈ ಕೆಲಸದವನು.

ಹಳ್ಳಿಯ ಹುಡುಗ

ಒಹಾಯೋ ಪ್ರಾಂತದ ಸ್ಟಾಕ್‌ಡೇಲ್ ಎಂಬ ಸಣ್ಣ ಹಳ್ಳಿಯ ಬಡ ರೈತರ ಮನೆಯಲ್ಲಿ ರಿಕಿ ಹುಟ್ಟಿದ. ಮನೆಯವರು ಮೆಥೊಡಿಸ್ಟ್ ಪಂಥದ ದೈವಭಕ್ತರು. ಭಾನುವಾರ ದೇವರ ದಿನ, ಅಂದು ಆಟವಿಲ್ಲ ಎಂಬ ನಿಯಮವನ್ನು ತಾಯಿಗೆ ಕೊಟ್ಟ ಮಾತೆಂದು ಆತ ಬದುಕಿನುದ್ದಕ್ಕೂ ಪಾಲಿಸಿದ. ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ಹಣ ಕೂಡಿಹಾಕಿ, ಒಹಾಯೋ ವೆಸ್ಲಿಯನ್ ವಿಶ್ವವಿದ್ಯಾಲಯವನ್ನು ಸೇರಿದ. ಓದುತ್ತಿರುವಾಗಲೇ ಅಲ್ಲಿಯ ಬೇಸ್‌ಬಾಲ್ ತಂಡಕ್ಕೆ ತರಬೇತಿ ಕೊಡುವ ಕೆಲಸವೂ ಸಿಕ್ಕಿತು.

ಆ ತಂಡದಲ್ಲಿ ಚಾರ್ಲ್ಸ್ ಥಾಮಸ್ ಎಂಬ ಕಪ್ಪು ವರ್ಣದ ಹುಡುಗನೊಬ್ಬನಿದ್ದ, ಒಳ್ಳೆಯ ಕ್ಯಾಚರ್. 1903–04ರ ಸುಮಾರಿಗೆ ತಂಡವು ಪಂದ್ಯಕ್ಕಾಗಿ ಇಂಡಿಯಾನಾ ಪ್ರಾಂತದ ಸೌತ್ ಬೆಂಡ್ ಊರಿಗೆ ಹೋಯಿತು. ಹೋಟೆಲಿನ ಗುಮಾಸ್ತ ಎಲ್ಲರಿಗೂ ಕೋಣೆ ಬರೆದುಕೊಟ್ಟು ಥಾಮಸನಿಗೆ ಮಾತ್ರ ಇಲ್ಲವೆಂದ. ರಿಕಿ ವಾದಿಸಿದ, ಬೇಡಿದ. ಕೊನೆಗೆ ತನ್ನ ಕೋಣೆಯಲ್ಲಿಯೇ ಇನ್ನೊಂದು ಮಂಚ ಹಾಕಿಸಿಕೊಂಡು ಹುಡುಗನನ್ನು ಒಳಗೆ ಕರೆದೊಯ್ದ. ಮೇಲೆ ಹೋಗಿ ನೋಡಿದರೆ ಥಾಮಸ್ ಮಂಚದ ಅಂಚಿಗೆ ಕುಳಿತು, ಅಳುತ್ತ, ತನ್ನ ಕೈಯ ಚರ್ಮವನ್ನು ಕಿತ್ತುಹಾಕುವವನಂತೆ ಉಜ್ಜಿಕೊಳ್ಳುತ್ತಿದ್ದನಂತೆ. ಈ ಬಣ್ಣವೊಂದು ಹೋಗಿದ್ದರೆ ನಾನೂ ಎಲ್ಲರಂತೆ ಇರುತ್ತಿದ್ದೆ ಎಂಬುದೇ ಅವನ ಅಳಲು. ರಿಕಿ ಮುಂದೆ ನೂರಾರು ಸಭೆಗಳಲ್ಲಿ ಈ ಸಂಗತಿಯನ್ನು ಹೇಳಿದ. ಥಾಮಸ್ ಮುಂದೆ ದಂತವೈದ್ಯನಾಗಿ ನೆಮ್ಮದಿಯಿಂದ ಬಾಳಿದ. ಆದರೆ ಉಜ್ಜಿಕೊಳ್ಳುತ್ತಿದ್ದ ಆ ಕೈಗಳು ರಿಕಿಯ ಕಣ್ಣ ಮುಂದಿನಿಂದ ಹೋಗಲಿಲ್ಲ. ಆಗ ಆತನಿಗೆ ಇಪ್ಪತ್ತೆರಡರ ಆಸುಪಾಸಿನ ವಯಸ್ಸು; ಒಂದು ಮಂಚ ಹಾಕಿಸುವುದಕ್ಕಿಂತ ಹೆಚ್ಚಿನ ಅಧಿಕಾರ ಕೈಯಲ್ಲಿರಲಿಲ್ಲ.

ಸೋಲುಗಳ ಸಾಲು

1904ರಲ್ಲಿ ಸಿನ್ಸಿನಾಟಿಯ ತಂಡವು ರಿಕಿಯನ್ನು ಕ್ಯಾಚರನೆಂದು ಕರೆಸಿಕೊಂಡಿತು. ಭಾನುವಾರ ಆಡುವುದಿಲ್ಲವೆಂದು ಹೇಳಿದ್ದೇ ತಡ, ಮನೆಗೆ ಕಳಿಸಿಬಿಟ್ಟರು. ಅನಂತರ ಸೇಂಟ್ ಲೂಯಿಯ ಬ್ರೌನ್ಸ್, ನ್ಯೂಯಾರ್ಕಿನ ಹೈಲ್ಯಾಂಡರ್ಸ್ ತಂಡಗಳಲ್ಲಿ ಆಡಿದ. 1907ರ ಜೂನ್ ತಿಂಗಳ ಒಂದು ಪಂದ್ಯದಲ್ಲಿ, ತೋಳು ನೋಯುತ್ತಿದ್ದ ಈ ಕ್ಯಾಚರನ ಎದುರು ವಾಷಿಂಗ್ಟನ್ನಿನ ಆಟಗಾರರು ಹದಿಮೂರು ಬೇಸ್‌ಗಳನ್ನು ಕದ್ದರು. ಒಂದೇ ಪಂದ್ಯದಲ್ಲಿ ಅಷ್ಟು ಕಳವು ಕಂಡ ಕ್ಯಾಚರನೆಂದು ದಾಖಲೆಯ ಪುಸ್ತಕದಲ್ಲಿ ಆತನ ಹೆಸರು ಸೇರಿತು! ಆಟಗಾರನ ಬದುಕು ಅಲ್ಲಿಗೆ ಮುಗಿದಂತಾಯಿತು.

ಮರು ಪ್ರಯತ್ನವಾಗಿ ಕಾನೂನು ಓದಲು ಹೊರಟ. ಅಷ್ಟರಲ್ಲಿ ಕ್ಷಯರೋಗ ತಗುಲಿ, ಸಾರನಾಕ್ ಲೇಕಿನ ಆರೋಗ್ಯಧಾಮದಲ್ಲಿ ಮಲಗಬೇಕಾಯಿತು. ಗುಣವಾಗಿ ಬಂದು 1911ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದ. ದೂರದ ಐಡಾಹೋ ಪ್ರಾಂತದ ಬಾಯ್ಸಿ ನಗರದಲ್ಲಿ ವಕೀಲಿಯ ಫಲಕ ತೂಗುಹಾಕಿದ. ಕಕ್ಷಿಗಾರರು ಬರಲಿಲ್ಲ. ಮೂವತ್ತು ದಾಟಿದ ಮನುಷ್ಯ, ಹೆಂಡತಿ, ಸಂಸಾರ, ಕೈಯಲ್ಲಿ ಎರಡು ಪದವಿ, ಜೇಬಿನಲ್ಲಿ ಏನೂ ಇಲ್ಲ. ನಮ್ಮಂಥವರಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ.

1913ರಲ್ಲಿ ಬ್ರೌನ್ಸ್ ತಂಡದ ಮಾಲೀಕರು ಕಚೇರಿ ಕೆಲಸಕ್ಕೆ ಕರೆದಾಗ ರಿಕಿ ಒಪ್ಪಿಕೊಂಡ. 1917ರಲ್ಲಿ ಅದೇ ಊರಿನ ಇನ್ನೊಂದು ತಂಡವಾದ ಕಾರ್ಡಿನಲ್ಸಿಗೆ ಹೋದ. 1919ರಿಂದ 1925ರ ತನಕ ಮೈದಾನದ ಮ್ಯಾನೇಜರನ ಕೆಲಸವನ್ನೂ ತಾನೇ ನೋಡಿದ. ಆಟಗಾರರಿಗೆ ಕರಿಹಲಗೆಯ ಮೇಲೆ ಪಾಠ ಹೇಳುತ್ತಿದ್ದನೆಂದು ಪ್ರಸಿದ್ಧಿ. ತಂಡ ಗೆಲ್ಲಲಿಲ್ಲ. 1925ರಲ್ಲಿ ಮಾಲೀಕ ಸ್ಯಾಮ್ ಬ್ರೆಡನ್ ಆ ಕೆಲಸದಿಂದ ಅವನನ್ನು ಬಿಡಿಸಿ ಬರಿಯ ಕಚೇರಿಯ ಕೆಲಸಕ್ಕೆ ಕೂರಿಸಿದ. ರಿಕಿಗೆ ಇದು ದೊಡ್ಡ ಅವಮಾನವೆನಿಸಿತು. ಮರುವರ್ಷವೇ, 1926ರಲ್ಲಿ, ಆತ ಕೂಡಿಸಿದ್ದ ತಂಡ ಬೇರೊಬ್ಬನ ಕೈಕೆಳಗೆ ಆಡಿ ಅಮೇರಿಕದ ಪರಮೋಚ್ಚ ಪಂದ್ಯಾವಳಿಯಾದ ವರ್ಲ್ಡ್ ಸೀರೀಸನ್ನು ಗೆದ್ದಿತು. ಚಪ್ಪಾಳೆ ಮತ್ತೆ ಇನ್ನೊಬ್ಬನಿಗೇ.

ಬಡ ತಂಡದ ಯುಕ್ತಿ

ಕಾರ್ಡಿನಲ್ಸ್ ಎಷ್ಟು ಬಡ ಸಂಸ್ಥೆಯಾಗಿತ್ತೆಂದರೆ, ಬರುವ ಅತಿಥಿಗಳ ಮುಂದೆ ಕಚೇರಿ ಬೋಳಾಗಿ ಕಾಣಬಾರದೆಂದು ರಿಕಿ ತನ್ನ ಮನೆಯ ಜಮಖಾನೆಯನ್ನೇ ತಂದು ಹಾಸಿದ್ದನೆಂದು ಆತನ ಚರಿತ್ರಕಾರರು ಬರೆದಿದ್ದಾರೆ. ಸಣ್ಣ ಊರಿನ ತಂಡಗಳಲ್ಲಿ ಒಬ್ಬ ಒಳ್ಳೆಯ ಹುಡುಗನನ್ನು ಗುರುತಿಸಿ ಬೆಲೆ ಕೇಳಿದರೆ, ಆ ತಂಡದವರು ಗುಟ್ಟಾಗಿ ದೊಡ್ಡ ಶ್ರೀಮಂತ ತಂಡಗಳಿಗೆ ಸುದ್ದಿ ಮುಟ್ಟಿಸಿ ಬೆಲೆ ಏರಿಸಿಬಿಡುತ್ತಿದ್ದರು. ಗುರುತಿಸುವ ಕಷ್ಟ ರಿಕಿಯದು, ಆಟಗಾರ ಮಾತ್ರ ನ್ಯೂಯಾರ್ಕಿನ ಪಾಲು.

ಕೊಳ್ಳಲಾಗದಿದ್ದರೆ ಬೆಳೆಯೋಣ ಎಂದು ರೈತನ ಮಗ ಯೋಚಿಸಿದ. ಅರ್ಕನ್ಸಾ ಪ್ರಾಂತದ ಫೋರ್ಟ್ ಸ್ಮಿತ್, ಟೆಕ್ಸಾಸಿನ ಹ್ಯೂಸ್ಟನ್ ಮುಂತಾದ ಊರುಗಳ ಸಣ್ಣ ತಂಡಗಳಲ್ಲಿ ಪಾಲು ಕೊಂಡು, ಹದಿನೆಂಟು ಇಪ್ಪತ್ತರ ಹುಡುಗರನ್ನು ಕಡಿಮೆ ಸಂಬಳಕ್ಕೆ ಸೇರಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ತಂದ. ನಾಟಿಗೆ ಮೊದಲು ಸಸಿಮಡಿ ಮಾಡಿಕೊಳ್ಳುವ ಪದ್ಧತಿಯಂತೆಯೇ ಇದು. ಅಮೇರಿಕದವರೂ ಇದಕ್ಕೆ ಹೊಲದ ಹೆಸರನ್ನೇ ಇಟ್ಟು ‘ಫಾರ್ಮ್ ಸಿಸ್ಟಂ’ ಎಂದರು. ಮೊದಲು ನಕ್ಕವರು ಆಮೇಲೆ ಅನುಕರಿಸಿದರು. 1930ರ ದಶಕದ ಕೊನೆಗೆ ಕಾರ್ಡಿನಲ್ಸಿನ ಕೈಯಲ್ಲಿ ಮೂವತ್ತಕ್ಕೂ ಹೆಚ್ಚು ಸಣ್ಣ ತಂಡಗಳಿದ್ದವು. ಡಿಜ್ಜಿ ಡೀನ್, ಸ್ಟ್ಯಾನ್ ಮ್ಯೂಸಿಯಲ್ ಮೊದಲಾದ ಹೆಸರಾಂತರು ಈ ಸಸಿಮಡಿಯಲ್ಲಿ ಬೆಳೆದವರು. 1931, 1934, 1942ರಲ್ಲಿ ಕಾರ್ಡಿನಲ್ಸ್ ಮತ್ತೆ ಮತ್ತೆ ವರ್ಲ್ಡ್ ಸೀರೀಸನ್ನು ಗೆದ್ದಿತು. ಅದೃಷ್ಟವೆಂಬುದು ಮುಂದಾಲೋಚನೆಯ ಗಸಿ ಮಾತ್ರ ಎಂಬರ್ಥದ ಮಾತನ್ನು ರಿಕಿ ಆಡುತ್ತಿದ್ದ. ಆತನ ಮಟ್ಟಿಗೆ ಅದು ನಿಜವಾಯಿತು.

ಆದರೆ ಈ ಯುಕ್ತಿಗೆ ಇನ್ನೊಂದು ಮುಖವೂ ಇತ್ತು. ನೂರಾರು ಹುಡುಗರು ಒಂದೇ ಸಂಸ್ಥೆಯ ಮುಷ್ಟಿಯಲ್ಲಿ ಸಿಕ್ಕಿ, ಮೇಲೆ ಏರಲೂ ಆಗದೆ ಬೇರೆಡೆಗೆ ಹೋಗಲೂ ಆಗದೆ ವರ್ಷಗಳನ್ನು ಕಳೆದರು. ಬೇಸ್‌ಬಾಲಿನ ಸರ್ವಾಧಿಕಾರಿಯಾಗಿದ್ದ ನ್ಯಾಯಮೂರ್ತಿ ಲ್ಯಾಂಡಿಸ್ 1938ರಲ್ಲಿ ವಿಚಾರಣೆ ನಡೆಸಿ, ಕಾರ್ಡಿನಲ್ಸಿನ ಎಪ್ಪತ್ತಕ್ಕೂ ಹೆಚ್ಚು ಹುಡುಗರನ್ನು ಬಂಧನದಿಂದ ಬಿಡಿಸಿದ. ಸಂಬಳದ ಮಾತು ಬಂದಾಗ ರಿಕಿಯ ಕೈ ಬಲು ಬಿಗಿ. ಆಟಗಾರರು ಒಂದಿಷ್ಟು ಹೆಚ್ಚು ಕೇಳಲು ಒಳಗೆ ಹೋಗಿ, ಒಂದು ಗಂಟೆ ಉಪದೇಶ ಕೇಳಿ, ಬರಿಗೈಯಲ್ಲಿ ಹೊರಗೆ ಬರುತ್ತಿದ್ದರಂತೆ.

‘ಮಹಾತ್ಮ’ ಎಂಬ ಹೆಸರು

1942ರ ಕೊನೆಗೆ ರಿಕಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ತಂಡದ ಮುಖ್ಯಾಧಿಕಾರಿಯಾಗಿ ಬಂದ. ಅಲ್ಲಿ ಆತನಿಗೆ ‘ಮಹಾತ್ಮ’ ಎಂಬ ಅಡ್ಡಹೆಸರು ಅಂಟಿತು. ಇದು ನಮ್ಮ ಗಾಂಧೀಜಿಯವರಿಂದಲೇ ಬಂದ ಹೆಸರು. ಜಾನ್ ಗಂಥರ್ ಎಂಬ ಅಮೇರಿಕದ ಪತ್ರಕರ್ತ ಗಾಂಧೀಜಿಯವರನ್ನು ವರ್ಣಿಸುತ್ತ, ಸಂತ, ಚಾಣಾಕ್ಷ ರಾಜಕಾರಣಿ, ಮನೆಯ ತಂದೆ ಈ ಮೂವರೂ ಒಬ್ಬನಲ್ಲೇ ಸೇರಿದ ಹಾಗೆ ಎಂಬಂತೆ ಬರೆದಿದ್ದ. ಅದನ್ನೋದಿದ ಟಾಮ್ ಮೀನಿ ಎಂಬ ಕ್ರೀಡಾವರದಿಗಾರನಿಗೆ, ಬೈಬಲ್ಲಿನ ಮಾತಾಡುತ್ತ, ಸಿಗಾರ್ ಕಚ್ಚುತ್ತ, ವ್ಯವಹಾರದಲ್ಲಿ ಯಾರಿಗೂ ಸೋಲದ ರಿಕಿಯ ನೆನಪಾಯಿತು. ಹೆಸರಿನಲ್ಲಿ ಅರ್ಧ ಗೌರವ, ಅರ್ಧ ಕುಚೋದ್ಯ. ಗಾಂಧೀಜಿಯವರ ಮುಖ್ಯ ಪಾಠವೊಂದನ್ನು ಈ ಮನುಷ್ಯ ಬೇಸ್‌ಬಾಲ್ ಮೈದಾನದಲ್ಲಿ ಪ್ರಯೋಗಿಸಲಿದ್ದಾನೆಂದು ಹೆಸರಿಟ್ಟವನಿಗೆ ಆಗ ಹೇಗೆ ತಿಳಿದೀತು?

ಬ್ರೂಕ್ಲಿನ್ನಿನಲ್ಲಿ ರಿಕಿ ಮಾಡಿದ ಹೊಸತುಗಳು ಅನೇಕ. ಫ್ಲೋರಿಡಾದ ವೀರೋ ಬೀಚ್ ಎಂಬಲ್ಲಿ, ಯುದ್ಧಕಾಲದ ನೌಕಾದಳದ ವಿಮಾನ ನೆಲೆಯೊಂದನ್ನು 1948ರಿಂದ ದೊಡ್ಡ ತರಬೇತಿ ಶಿಬಿರವಾಗಿ ಮಾರ್ಪಡಿಸಿದ. ಗುಮಾಸ್ತರಾದ ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು: 1947ರಲ್ಲಿ ಅಲನ್ ರಾತ್ ಎಂಬ ಅಂಕಿಸಂಖ್ಯೆಯ ತಜ್ಞನನ್ನು ಪೂರ್ಣಾವಧಿಯ ನೌಕರನನ್ನಾಗಿ ನೇಮಿಸಿಕೊಂಡ. ಒಂದೊಂದು ಎಸೆತವನ್ನೂ ಬರೆದಿಡುವುದೇ ರಾತನ ಕೆಲಸ. ಬರಿಯ ಹೊಡೆತವಲ್ಲ, ದಾಂಡಿಗ ಎಷ್ಟು ಸಲ ಬೇಸ್ ತಲುಪಿದ ಎಂಬುದೇ ಮುಖ್ಯವೆಂದು ಆ ಲೆಕ್ಕಗಳ ಆಧಾರದಿಂದ 1954ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ರಿಕಿ ಲೇಖನ ಬರೆದ. ಈಗಂತೂ ಅಂಕಿಸಂಖ್ಯೆಯ ವಿಭಾಗವಿಲ್ಲದ ತಂಡವೇ ಇಲ್ಲ.

ಮೂರು ಗಂಟೆಯ ಭೇಟಿ

ಇನ್ನು ಮುಖ್ಯ ವಿಷಯಕ್ಕೆ ಬರೋಣ. 1880ರ ದಶಕದ ಕೊನೆಯಿಂದ ಅಮೇರಿಕದ ದೊಡ್ಡ ತಂಡಗಳಲ್ಲಿ ಕಪ್ಪು ವರ್ಣದ ಆಟಗಾರರಿಗೆ ಪ್ರವೇಶವಿರಲಿಲ್ಲ. ಹಾಗೆಂದು ಯಾವ ನಿಯಮದ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ‘ಅಂಥ ನಿಯಮವೇ ಇಲ್ಲವಲ್ಲ’ ಎಂದು ಕೇಳಿದವರಿಗೆ ಹೇಳಬಹುದಾಗಿತ್ತು, ಸೇರಿಸಿಕೊಳ್ಳದೆಯೂ ಇರಬಹುದಾಗಿತ್ತು. ಬರೆಯದ ನಿಯಮದಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲವೆಂಬುದು ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಕಪ್ಪು ಆಟಗಾರರು ತಮ್ಮದೇ ‘ನೀಗ್ರೋ ಲೀಗ್’ಗಳಲ್ಲಿ ಆಡುತ್ತಿದ್ದರು.

ರಿಕಿ ಅವಸರ ಮಾಡಲಿಲ್ಲ. 1943ರಲ್ಲಿ ಡಾಡ್ಜರ್ಸಿನ ಸಾಲಗಾರ ಬ್ಯಾಂಕಿನ ಮುಖ್ಯಸ್ಥ ಜಾರ್ಜ್ ಮೆಕ್‌ಲಾಕ್ಲಿನ್ ಮತ್ತು ಪಾಲುದಾರರ ಒಪ್ಪಿಗೆಯನ್ನು ಗುಟ್ಟಾಗಿ ಪಡೆದ. ಕಪ್ಪು ಆಟಗಾರರಿಗಾಗಿ ಹೊಸ ಲೀಗೊಂದನ್ನು ಕಟ್ಟುತ್ತೇನೆಂದು ಹೊರಗೆ ಸುದ್ದಿ ಹರಡಿ, ಆ ನೆವದಿಂದ ತನ್ನ ಶೋಧಕರನ್ನು ಊರೂರಿಗೆ ಕಳಿಸಿದ. 1945ರಲ್ಲಿ ನ್ಯೂಯಾರ್ಕ್ ಪ್ರಾಂತವು ಉದ್ಯೋಗದಲ್ಲಿ ವರ್ಣಭೇದ ಮಾಡಬಾರದೆಂದು ಕಾನೂನು ತಂದದ್ದೂ ನೆರವಾಯಿತು. ವೆಂಡೆಲ್ ಸ್ಮಿತ್, ಸ್ಯಾಮ್ ಲೇಸಿ ಮೊದಲಾದ ಕಪ್ಪು ಪತ್ರಕರ್ತರು ವರ್ಷಗಟ್ಟಲೆ ಬರೆದು ಬರೆದು ನೆಲ ಹದ ಮಾಡಿಟ್ಟಿದ್ದರು. ಜಾಕಿ ರಾಬಿನ್ಸನ್ ಎಂಬ ಹೆಸರನ್ನು ರಿಕಿಗೆ ಸೂಚಿಸಿದವನು ಸ್ಮಿತನೇ.

ರಾಬಿನ್ಸನ್ 1919ರಲ್ಲಿ ಜಾರ್ಜಿಯಾ ಪ್ರಾಂತದಲ್ಲಿ ಹುಟ್ಟಿದವನು. ಕಾಲೇಜು ಕಂಡವನು, ಸೈನ್ಯದಲ್ಲಿ ಲೆಫ್ಟಿನೆಂಟನಾಗಿದ್ದವನು. 1944ರಲ್ಲಿ ಬಸ್ಸಿನ ಹಿಂದಿನ ಭಾಗಕ್ಕೆ ಹೋಗೆಂದಾಗ ಒಪ್ಪದೆ, ಸೈನಿಕ ನ್ಯಾಯಾಲಯದ ಮುಂದೆ ನಿಂತು ನಿರ್ದೋಷಿಯೆಂದು ಹೊರಬಂದಿದ್ದ. ತಲೆ ತಗ್ಗಿಸುವ ಸ್ವಭಾವವೇ ಅವನದಲ್ಲ. 1945ರ ಆಗಸ್ಟ್ 28ರಂದು ರಿಕಿಯ ಶೋಧಕ ಕ್ಲೈಡ್ ಸೂಕ್‌ಫೋರ್ತ್ ಅವನನ್ನು ಬ್ರೂಕ್ಲಿನ್ನಿನ ಕಚೇರಿಗೆ ಕರೆತಂದ. ಗೋಡೆಯ ಮೇಲೆ ಅಬ್ರಹಾಂ ಲಿಂಕನ್ನನ ಚಿತ್ರ.

ಸುಮಾರು ಮೂರು ಗಂಟೆ ನಡೆದ ಆ ಭೇಟಿ ಬೇಸ್‌ಬಾಲಿನ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅರವತ್ಮೂರು ವರ್ಷದ ರಿಕಿ ಕುರ್ಚಿಯಿಂದೆದ್ದು ಒಂದೊಂದೇ ವೇಷ ಹಾಕತೊಡಗಿದ. ಒಮ್ಮೆ ಅನ್ನ ಬಡಿಸಲಾರೆನೆನ್ನುವ ಹೋಟೆಲಿನ ಮಾಣಿಯಾದ. ಒಮ್ಮೆ ಬೇಕೆಂದೇ ಮೈಮೇಲೆ ಬಿದ್ದು ಬೈಯುವ ಎದುರಾಳಿಯಾದ. ಒಮ್ಮೆ ಕೋಣೆಯಿಲ್ಲವೆನ್ನುವ ಹೋಟೆಲ್ ಗುಮಾಸ್ತನಾದ. ಈ ಕೊನೆಯ ಪಾತ್ರವನ್ನು ಆತ ನಾಲ್ವತ್ತು ವರ್ಷಗಳ ಹಿಂದೆ ಸೌತ್ ಬೆಂಡಿನಲ್ಲಿ ಕಣ್ಣಾರೆ ಕಂಡಿದ್ದ. ಎಲ್ಲ ಬೈಗುಳಗಳನ್ನೂ ಬೈದು, ಮುಷ್ಟಿಯನ್ನು ಮುಖದ ಹತ್ತಿರ ತಂದು, ಈಗೇನು ಮಾಡುತ್ತೀಯೆ ಎಂದು ಕೇಳಿದ. ತಿರುಗಿ ಹೊಡೆಯಲು ಅಂಜುವವನು ಬೇಕಾಗಿದ್ದಾನೆಯೇ ಎಂದು ರಾಬಿನ್ಸನ್ ಕೇಳಿದಾಗ, ಹಾಗಲ್ಲ, ತಿರುಗಿ ಹೊಡೆಯದಿರುವಷ್ಟು ಎದೆಗಾರಿಕೆ ಉಳ್ಳವನು ಬೇಕೆಂಬುದು ರಿಕಿಯ ಉತ್ತರವಾಗಿತ್ತು. ಮೂರು ವರ್ಷ ಯಾರಿಗೂ ತಿರುಗಿ ಬೈಯುವುದಿಲ್ಲ, ಕೈ ಎತ್ತುವುದಿಲ್ಲವೆಂದು ರಾಬಿನ್ಸನ್ ಮಾತು ಕೊಟ್ಟ. ಒಪ್ಪಂದ ಕುದುರಿತು: ಸೇರುವಾಗ 3500 ಡಾಲರು, ತಿಂಗಳಿಗೆ 600 ಡಾಲರು.

ಮೊದಲ ವರ್ಷ ರಾಬಿನ್ಸನ್ ಡಾಡ್ಜರ್ಸಿನ ಸಸಿಮಡಿಯಾದ ಮಾಂಟ್ರಿಯಲ್ ತಂಡದಲ್ಲಿ ಆಡಿದ. 1946ರ ವಸಂತದ ತರಬೇತಿಗೆ ಫ್ಲೋರಿಡಾಕ್ಕೆ ಹೋದಾಗ, ಬಿಳಿಯ ಆಟಗಾರರು ಹೋಟೆಲಿನಲ್ಲಿದ್ದರೆ ರಾಬಿನ್ಸನ್ ದಂಪತಿಗಳು ಕಪ್ಪು ಗೃಹಸ್ಥರೊಬ್ಬರ ಮನೆಯಲ್ಲಿ ಇರಬೇಕಾಯಿತು. ಸ್ಯಾನ್‌ಫೋರ್ಡ್ ಎಂಬ ಊರಿನಿಂದಂತೂ ಬೆದರಿಕೆಗಳಿಂದಾಗಿ ರಾತ್ರೋರಾತ್ರಿ ಹೊರಡಬೇಕಾಯಿತು. ಆದರೂ ಆ ವರ್ಷ ಲೀಗಿನ ಅತ್ಯುತ್ತಮ ದಾಂಡಿಗ ಅವನೇ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ, 42ನೆಯ ಅಂಕೆಯ ಅಂಗಿ ತೊಟ್ಟು ಡಾಡ್ಜರ್ಸ್ ಪರವಾಗಿ ಇಳಿದ. ಬರೆಯದ ನಿಯಮ ಅಂದು ಮುರಿಯಿತು.

ಅವನೊಡನೆ ಆಡಲಾರೆವೆಂದು ತಂಡದ ಕೆಲವರೇ ಅರ್ಜಿ ತಯಾರಿಸಿದ್ದರು. ಮ್ಯಾನೇಜರ್ ಲಿಯೋ ಡುರೋಷರ್ ಅದನ್ನು ಅಲ್ಲಿಯೇ ಹೊಸಕಿಹಾಕಿದ. ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಬೆನ್ ಚಾಪ್ಮನ್ ಮೈದಾನದ ಅಂಚಿನಿಂದ ಕಿವಿ ಮುಚ್ಚಿಕೊಳ್ಳುವಂಥ ಬೈಗುಳ ಬೈಸಿದ. ರಾಬಿನ್ಸನ್ ಕೊಟ್ಟ ಮಾತಿನಂತೆ ಸುಮ್ಮನಿದ್ದ. ಅವನು ಸುಮ್ಮನಿದ್ದುದನ್ನು ಕಂಡೇ ತಂಡದ ಉಳಿದವರು ಅವನ ಪರವಾಗಿ ಬಾಯಿ ತೆರೆದರು. ಆ ವರ್ಷದ ಅತ್ಯುತ್ತಮ ಹೊಸ ಆಟಗಾರನೆಂಬ ಪ್ರಶಸ್ತಿ ಅವನಿಗೆ ಬಂತು. 1949ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿಯೂ ಬಂತು. ಹಿಂದೆಯೇ ರಾಯ್ ಕ್ಯಾಂಪನೆಲ್ಲಾ, ಡಾನ್ ನ್ಯೂಕೋಂಬ್ ಮೊದಲಾದವರು ಅದೇ ಬಾಗಿಲಿನಿಂದ ಒಳಗೆ ಬಂದರು.

ಲೆಕ್ಕದ ಇನ್ನೊಂದು ಪುಟ

ಇಷ್ಟನ್ನೇ ಬರೆದು ನಿಲ್ಲಿಸಿದರೆ ನಮ್ಮ ಲೆಕ್ಕ ಸರಿಹೋಗುವುದಿಲ್ಲ. ರಾಬಿನ್ಸನ್ ಆಡುತ್ತಿದ್ದ ನೀಗ್ರೋ ಲೀಗಿನ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ರಿಕಿ ಒಂದು ಕಾಸೂ ಕೊಡಲಿಲ್ಲ. ಆ ತಂಡಗಳ ಕರಾರುಗಳು ಸರಿಯಾದ ಕರಾರುಗಳೇ ಅಲ್ಲವೆಂದು ವಾದಿಸಿದ. ಕಪ್ಪು ಜನರು ಕಷ್ಟಪಟ್ಟು ಕಟ್ಟಿದ್ದ ಆ ಲೀಗುಗಳು ತಮ್ಮ ಹೆಸರಾಂತ ಆಟಗಾರರನ್ನು ಕಳೆದುಕೊಂಡು ಕೆಲವೇ ವರ್ಷಗಳಲ್ಲಿ ಸೊರಗಿಹೋದವು. ಇನ್ನು, ಸೇಂಟ್ ಲೂಯಿಯಲ್ಲಿ ಆತ ಕೆಲಸ ಮಾಡಿದ ಮೈದಾನದಲ್ಲಿ ಕಪ್ಪು ಪ್ರೇಕ್ಷಕರಿಗೆ ಬೇರೆಯೇ ಜಾಗವಿತ್ತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಆ ಊರಿನಲ್ಲಿದ್ದರೂ ಆತನಿಂದ ಅದು ಬದಲಾಗಲಿಲ್ಲ. ಕಪ್ಪು ಆಟಗಾರರಿಂದ ತಂಡ ಗೆಲ್ಲುತ್ತದೆ, ಟಿಕೆಟ್ಟುಗಳು ಹೆಚ್ಚು ಮಾರುತ್ತವೆ ಎಂಬ ಲೆಕ್ಕಾಚಾರವೂ ಆತನ ತಲೆಯಲ್ಲಿ ಇದ್ದೇ ಇತ್ತು. ತಂಡ ಗೆಲ್ಲಬೇಕೆಂದೇ ಇದನ್ನು ಮಾಡಿದೆನೆಂದು ಆತನೇ ಹೇಳುತ್ತಿದ್ದ.

ಧರ್ಮಬುದ್ಧಿ ಎಷ್ಟು, ವ್ಯಾಪಾರಬುದ್ಧಿ ಎಷ್ಟು ಎಂದು ತೂಗಿ ನೋಡುವವರು ಇಂದಿಗೂ ಇದ್ದಾರೆ. ನಮಗೆ ತೋರುವುದಿಷ್ಟು: ಹದಿನಾರು ತಂಡಗಳ ಹದಿನಾರು ಕಚೇರಿಗಳಲ್ಲಿಯೂ ಅದೇ ವ್ಯಾಪಾರದ ಲೆಕ್ಕ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಸಹಿ ಹಾಕಿದ ಮೇಜು ಒಂದೇ.

ಕೊನೆಯ ವರ್ಷಗಳು

1950ರಲ್ಲಿ ಪಾಲುದಾರ ವಾಲ್ಟರ್ ಓಮ್ಯಾಲಿಯೊಡನೆ ಮನಸ್ಸು ಮುರಿದು, ತನ್ನ ಪಾಲನ್ನು ಮಾರಿ, ರಿಕಿ ಪಿಟ್ಸ್‌ಬರ್ಗಿನ ಪೈರೇಟ್ಸ್ ತಂಡಕ್ಕೆ ಹೋದ. ಅಲ್ಲಿ ಐದು ವರ್ಷವೂ ಸೋಲು. 1952ರಲ್ಲಿ ತಂಡ 112 ಪಂದ್ಯಗಳಲ್ಲಿ ಸೋತು ಗೆದ್ದದ್ದು 42 ಮಾತ್ರ. ಆದರೆ 1954ರಲ್ಲಿ ಬ್ರೂಕ್ಲಿನ್ನಿನವರು ಕಾಪಾಡಿಕೊಳ್ಳದೆ ಬಿಟ್ಟಿದ್ದ ಪೋರ್ಟೊರಿಕೋದ ಹುಡುಗ ರಾಬರ್ಟೊ ಕ್ಲೆಮೆಂಟೆಯನ್ನು ರಿಕಿಯ ಕಚೇರಿ ಆರಿಸಿಕೊಂಡಿತು. 1960ರಲ್ಲಿ ಪೈರೇಟ್ಸ್ ವರ್ಲ್ಡ್ ಸೀರೀಸನ್ನು ಗೆದ್ದಾಗ ಅವನೂ, ರಿಕಿ ಬೆಳೆಸಿದ ಇತರರೂ ತಂಡದಲ್ಲಿದ್ದರು. ಡಾಡ್ಜರ್ಸ್ ಕೂಡ 1955ರಲ್ಲಿ ಗೆದ್ದಿತ್ತು. ಎರಡು ಗೆಲುವುಗಳ ಹೊತ್ತಿಗೂ ರಿಕಿ ಆ ಕುರ್ಚಿಗಳಲ್ಲಿರಲಿಲ್ಲ. ಮಾವಿನ ಗಿಡ ನೆಟ್ಟವನಿಗೆ ಹಣ್ಣು ಸಿಗಲೇಬೇಕೆಂದಿಲ್ಲವಷ್ಟೆ.

1965ರ ನವೆಂಬರ್ 13ರಂದು ಮಿಸೌರಿ ಪ್ರಾಂತದ ಕೊಲಂಬಿಯಾ ನಗರದ ಸನ್ಮಾನ ಸಮಾರಂಭದಲ್ಲಿ, ಧೈರ್ಯವೆಂದರೇನು ಎಂಬುದರ ಮೇಲೆ ಮಾತಾಡುತ್ತಿರುವಾಗಲೇ ರಿಕಿ ಕುಸಿದುಬಿದ್ದ, ಮತ್ತೆ ಎಚ್ಚರವಾಗಲಿಲ್ಲ. ಡಿಸೆಂಬರ್ 9ರಂದು ಪ್ರಾಣ ಹೋಯಿತು. ಅಂತ್ಯಕ್ರಿಯೆಗೆ ರಾಬಿನ್ಸನ್ ಬಂದಿದ್ದ. ಬಾಬಿ ಬ್ರಾಗನ್ ಎಂಬ ಇನ್ನೊಬ್ಬನೂ ಬಂದಿದ್ದ. ದಕ್ಷಿಣದ ಅಲಬಾಮಾದವನಾದ ಈ ಬ್ರಾಗನ್ 1947ರಲ್ಲಿ ರಿಕಿಯ ಮುಂದೆ ನಿಂತು, ಕಪ್ಪು ಆಟಗಾರನೊಡನೆ ಆಡುವುದಕ್ಕಿಂತ ನನ್ನನ್ನು ಬೇರೆ ತಂಡಕ್ಕೆ ಕಳಿಸಿರೆಂದು ಕೇಳಿದ್ದವನು. ಕೆಲವೇ ತಿಂಗಳಲ್ಲಿ ಮನಸ್ಸು ಬದಲಾಗಿ, ಮುಂದೆ ಅನೇಕ ಕಪ್ಪು ಆಟಗಾರರಿಗೆ ಗುರುವಾದ. ರಿಕಿ ತನ್ನನ್ನು ಒಳ್ಳೆಯ ಮನುಷ್ಯನನ್ನಾಗಿ ಮಾಡಿದನೆಂದು ಆಮೇಲೆ ಹೇಳಿಕೊಂಡ. 1967ರಲ್ಲಿ ಬೇಸ್‌ಬಾಲಿನ ಕೀರ್ತಿಶಾಲಿಗಳ ಪಟ್ಟಿಗೆ ರಿಕಿಯ ಹೆಸರು ಸೇರಿತು. 1997ರಲ್ಲಿ 42ನೆಯ ಅಂಕೆಯನ್ನು ರಾಬಿನ್ಸನ್ನನ ಗೌರವಾರ್ಥ ಎಲ್ಲ ತಂಡಗಳೂ ಮೀಸಲಿಟ್ಟವು. 2013ರಲ್ಲಿ ‘42’ ಎಂಬ ಚಲನಚಿತ್ರವೂ ಬಂದು, ಹ್ಯಾರಿಸನ್ ಫೋರ್ಡ್ ರಿಕಿಯ ಪಾತ್ರ ಮಾಡಿದ.

ನಮ್ಮ ಅರಿಕೆ

ಇದು ದೂರದ ದೇಶದ ಕಥೆ, ನಮಗೇನು ಎಂದು ಯಾರಾದರೂ ಕೇಳಬಹುದು. ಓದುಗರು ಒಂದು ಹೆಸರನ್ನು ನೆನೆಯಲಿ: ಪಾಲವಣಕರ ಬಾಳೂ. ಅಸ್ಪೃಶ್ಯವೆಂದು ಕರೆಯಲಾಗುತ್ತಿದ್ದ ಸಮುದಾಯದ ಈ ಕ್ರಿಕೆಟ್ ಆಟಗಾರರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಆಡಿದ್ದು ಪುಣೆ ಮುಂಬಯಿಗಳಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ತಂಡದವರು ಇವರ ಚೆಂಡು ಬೇಕೆನ್ನುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಇವರಿಗೆ ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಇವರಿಗೆ ದಕ್ಕಲೇ ಇಲ್ಲ. ಪ್ರತಿಭಟನೆಗಳಾದ ಮೇಲೆ 1923ರಲ್ಲಿ ತಮ್ಮ ವಿಠ್ಠಲರಿಗೆ ದಕ್ಕಿತು. ನಾಯಕನನ್ನು ಆರಿಸುವ ಸಮಿತಿಗಳು ಅಂದು ಎಷ್ಟೋ ಸಲ ಕೂಡಿರಬೇಕು. ಸಹಿ ಹಾಕುವ ಲೇಖನಿ ಆ ಮೇಜಿನ ಮೇಲೂ ಇದ್ದೇ ಇತ್ತು.

ಈಗ ನಮ್ಮ ಸ್ವಂತದ ಕಾರಣ. ಊರಿನಿಂದ ಹೊಸದಾಗಿ ನೌಕರಿಗೆ ಬರುವ ಹುಡುಗರಿಗೆ ಖೋಲಿ ಹುಡುಕಿಕೊಡುವ ಕೆಲಸವನ್ನು ನಮ್ಮ ಸಂಘ ಬಹುಕಾಲದಿಂದ ಮಾಡುತ್ತ ಬಂದಿದೆ. ಅದರ ದಫ್ತರು ಬರೆಯುವ ಕೆಲಸ ನಮ್ಮ ಪಾಲಿಗೆ ಬಂದು ಆರು ವರ್ಷವಾಯಿತು. ಹಿಂದಿನಿಂದ ಬಂದ ಆ ದಫ್ತರಿನಲ್ಲಿ ಐದು ಅಂಕಣಗಳಿವೆ: ಹೆಸರು, ಊರು, ನೌಕರಿ, ಬಾಡಿಗೆಯ ಮಿತಿ, ಐದನೆಯದು ‘ಯಾವ ಜನ’. ಹೋದ ವರ್ಷ ಮಳೆಗಾಲದಲ್ಲಿ ರಾಯಚೂರಿನ ಕಡೆಯ ಹುಡುಗನೊಬ್ಬನನ್ನು ಒಂದು ಖೋಲಿ ತೋರಿಸಲು ಕರೆದುಕೊಂಡು ಹೋಗಿದ್ದೆವು. ಮನೆಯವರು ಇಬ್ಬರಿಗೂ ಚಹಾ ಕೊಟ್ಟರು. ಹುಡುಗನ ಅಡ್ಡಹೆಸರು ಕೇಳಿದರು, ತಂದೆಯ ಕಸುಬು ಕೇಳಿದರು. ಆಮೇಲೆ ಖೋಲಿಯನ್ನು ನಿನ್ನೆಯೇ ಬೇರೆಯವರಿಗೆ ಕೊಟ್ಟಾಯಿತೆಂದರು. ಕೊಟ್ಟಿರಲಿಲ್ಲವೆಂಬುದು ನಮಗೆ ಗೊತ್ತು. ದಫ್ತರು ನಮ್ಮ ಚೀಲದಲ್ಲಿಯೇ ಇತ್ತು. ಮೆಟ್ಟಿಲು ಇಳಿಯುವಾಗ ಹುಡುಗನೇ ನಮ್ಮನ್ನು ಸಮಾಧಾನ ಮಾಡಿದ: “ಇರ್ಲಿ ಬಿಡ್ರಿ ಸರ್, ನಮಗ ಇದು ರೂಢಿ ಆಗೇತ್ರಿ. ಎಂಟು ದಿನ ಗೆಳ್ಯಾನ ಹತ್ರ ಇರ್ತೀನಿ.” ನಾವು ಏನೂ ಹೇಳಲಿಲ್ಲ. ಮನೆಗೆ ಬಂದು, ಆ ಖೋಲಿಯ ಮುಂದೆ ‘ಕೊಡಲಾಗಿದೆ’ ಎಂದು ನಮ್ಮ ಕೈಯಿಂದಲೇ ಬರೆದೆವು.

ರಿಕಿ ನಾಲ್ವತ್ತು ವರ್ಷ ಕಾದ. ಆತನ ಕೈಗೆ ಅಧಿಕಾರ ಬರಲು ಅಷ್ಟು ಕಾಲ ಹಿಡಿಯಿತೆನ್ನೋಣ. ನಮಗೆ ಅಧಿಕಾರವೇನೂ ಇಲ್ಲ. ಇರುವುದು ಒಂದು ದಫ್ತರು, ಅಂಕಣ ಗೆರೆ ಎಳೆಯುವ ಒಂದು ಕೋಲು. ಹಳೆಯ ದಫ್ತರು ಈ ತಿಂಗಳಿಗೆ ತುಂಬಿತು. ಹೊಸದನ್ನು ತಂದು ನಾಲ್ಕೇ ಅಂಕಣ ಗೆರೆ ಹಾಕಿದ್ದೇವೆ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಒಪ್ಪಿಗೆಗಾಗಿ ಇಡಲಿದ್ದೇವೆ. ಖೋಲಿ ಇರುವ ಸದಸ್ಯರು ದಯವಿಟ್ಟು ತಿಳಿಸಬೇಕು. ವಿಳಾಸ, ಬಾಡಿಗೆ, ನಲ್ಲಿ ನೀರು ಬರುವ ಹೊತ್ತು, ಇಷ್ಟು ಬರೆದರೆ ಸಾಕು.